ಫ್ರಾನ್ಸ್‌ನ ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ, ಜಮೀನು ಕೊಂಡ ನಮ್ಮ ಅನುಭವ

ಫ್ರಾನ್ಸ್‌ನಲ್ಲಿ ಹಳ್ಳಿಮನೆ ಕೊಳ್ಳಬೇಕು, ನೀವು ಹೇಗೆ ಮಾಡಿದ್ರಿ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಿರುತ್ತಾರೆ. ಮನೆಗಿಂತ ಮೊದಲು ಜಮೀನನ್ನು ವಿಚಾರಿಸಿ ಅಂತಲೇ ನಾನು ಹೇಳುವುದು.

ನಾವಿರುವುದು ತುಲೂಸ್‌ನಲ್ಲಿ. ಮನೆ ಸಿಕ್ಕಿದ್ದು ಅದರ ಉತ್ತರಕ್ಕೆ, ಕಾವೋರ್ ದಾಟಿ, ಲೊಟ್ ಜಿಲ್ಲೆಯಲ್ಲಿ. ಆ ಸೀಮೆಯ ಹಳೇ ಹೆಸರು ಕೆರ್ಸಿ. ಅಲ್ಲಿನ ಹಳೇ ಮನೆಗಳಲ್ಲಿ ಕೆಳಗೆ ಕುರಿಗೆ, ವೈನ್ ಪೀಪಾಯಿಗೆ ಜಾಗ, ಮೇಲೆ ವಾಸ. ಹೊರಗಿನ ಕಲ್ಲಿನ ಮೆಟ್ಟಿಲು ಹತ್ತಿದರೆ ಮಾಡು ಹಾಕಿದ ಜಗಲಿ, ಅಲ್ಲಿಯವರ ಮಾತಿನಲ್ಲಿ ಬೊಲೆ. ನಮ್ಮದಕ್ಕೆ ಪಾರಿವಾಳದ ಗೋಪುರವೂ ಇದೆ. ಒಂದು ಕಾಲದಲ್ಲಿ ಪಾರಿವಾಳದ ಹಿಕ್ಕೆ ಹೊಲಕ್ಕೆ ಬಲು ಬೆಲೆಯ ಗೊಬ್ಬರವಾಗಿತ್ತು. ಮನೆ ನೋಡಿದ ದಿನವೇ ಹೆಂಡತಿ ಒಪ್ಪಿದಳು, ನಾನೂ ಒಪ್ಪಿದೆ.

ಜೊತೆಗೆ ಸುಮಾರು 3 ಹೆಕ್ಟೇರ್, ಅಂದರೆ ಏಳು ಎಕರೆಗೆ ಸ್ವಲ್ಪ ಜಾಸ್ತಿ ಹುಲ್ಲುಗಾವಲು. ನಮ್ಮಲ್ಲಿ ಪಹಣಿ, ಸರ್ವೆ ನಕ್ಷೆ ತೆಗೆಸುವ ಹಾಗೆ ಅಲ್ಲಿ ಕದಾಸ್ತ್ರ್ ನೋಡುತ್ತಾರೆ. ನೆಪೋಲಿಯನ್ 1807ರಲ್ಲಿ ಶುರು ಮಾಡಿಸಿದ ದಾಖಲೆ ಇದು. ಆ ಕಾಲದ ನಕ್ಷೆಗಳನ್ನು ಜಿಲ್ಲಾ ದಾಖಲೆ ಕಚೇರಿಯವರು ಇಂಟರ್‌ನೆಟ್‌ನಲ್ಲಿ ಇಟ್ಟಿದ್ದಾರೆ. ನಮ್ಮ ಗೋಪುರ ಅದರಲ್ಲಿ ಒಂದು ಪುಟ್ಟ ಕೆಂಪು ಚೌಕ. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತೆನೋ! ಆದರೆ ಈ ನಕ್ಷೆ ಮುಖ್ಯವಾಗಿ ತೆರಿಗೆಗೆ. ಗಡಿ ಖಚಿತ ಆಗಬೇಕಾದರೆ ಪರವಾನಗಿ ಇರುವ ಸರ್ವೆಯವರು ಬಂದು, ಅಕ್ಕಪಕ್ಕದವರ ಸಹಿ ಹಾಕಿಸಿ, ಗಡಿಕಲ್ಲು ನೆಡಬೇಕು.

ನಿಜವಾಗಿ ತಲೆ ಕೆಡಿಸಿದ್ದು ಹುಲ್ಲು. ಪಕ್ಕದ ರೈತರೊಬ್ಬರು ವರ್ಷಗಳಿಂದ ಅಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಮಾರುವವರು "ಸುಮ್ನೆ ಕೊಯ್ಕೊಳ್ತಾರೆ ಬಿಡಿ" ಅಂದರು. ನಮ್ಮ ನೊತೇರ್ ಬಿಡಲಿಲ್ಲ. ಮಾರಾಟದ ಕಾಗದ ಪತ್ರವೆಲ್ಲ ಮಾಡಿಕೊಡುವ ಕಾನೂನು ಅಧಿಕಾರಿ ಅವರು. "ದುಡ್ಡು ಕೊಡ್ತಾರಾ?" ಅಂತ ಅವರ ಮೊದಲ ಪ್ರಶ್ನೆ. ದುಡ್ಡು ಕೊಟ್ಟಿದ್ದರೆ, ಬರೀ ಬಾಯಿಮಾತಾದರೂ ಅದು ಗೇಣಿ ಅಂತ ಆಗಬಹುದು. ಗೇಣಿ ಅಂದರೆ ಕನಿಷ್ಠ 9 ವರ್ಷ ಜಮೀನು ಗೇಣಿದಾರನ ಕೈಯಲ್ಲಿ, ಮಾರುವಾಗ ಕೊಳ್ಳುವ ಮೊದಲ ಹಕ್ಕೂ ಗೇಣಿದಾರನಿಗೇ ಬರಬಹುದು. ಕೊನೆಗೆ ಆ ರೈತರೇ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ, ಬಾಡಿಗೆ ಯಾವತ್ತೂ ಕೊಟ್ಟಿಲ್ಲ ಅಂತ ಬರೆದುಕೊಟ್ಟರು. ನಾವೂ ಪುಕ್ಕಟೆ ಬಳಕೆಗೆ ಒಂದು ಪತ್ರ ಮಾಡಿಕೊಟ್ಟೆವು. ಈಗಲೂ ಹುಲ್ಲು ಅವರದ್ದೇ. ನಮಗೂ ಜಮೀನು ಪಾಳು ಬೀಳುವುದಿಲ್ಲ, ಅಲ್ವಾ?

ಇದಾದ ಮೇಲೆ ಸಫೆರ್. ಕೃಷಿ ಜಮೀನು ರೈತರ ಕೈ ತಪ್ಪಬಾರದು ಅಂತ 1960ರ ಕಾನೂನಿನಲ್ಲಿ ಹುಟ್ಟಿದ ಸಂಸ್ಥೆ. ನೊತೇರ್ ತಿಳಿಸಿದ ಮೇಲೆ ಅವರಿಗೆ 2 ತಿಂಗಳು ಸಮಯ. ಬೇಕಿದ್ದರೆ ಜಮೀನು ಅವರೇ ಕೊಳ್ಳಬಹುದು. ನಮ್ಮದು ಬೇಡ ಅಂದರು. ಈ ನಿಯಮ ನನಗೆ ನ್ಯಾಯವಾಗೇ ಕಾಣುತ್ತದೆ. ದುಡ್ಡಿದ್ದವರೆಲ್ಲ ಹೊಲ ಕೊಳ್ಳುತ್ತಾ ಹೋದರೆ ಅಲ್ಲಿ ಬೇಸಾಯ ಮಾಡುವವರು ಯಾರು?

ಉಳಿದದ್ದು ಬೇಗ ಹೇಳುತ್ತೇನೆ. ಕರಾರಿಗೆ ಸಹಿ ಆದ ಮೇಲೆ ಮನಸ್ಸು ಬದಲಿಸಲು ಕೊಳ್ಳುವವರಿಗೆ 10 ದಿನ ಅವಕಾಶ. ಹಳೇ ಮನೆಗೆ ತೆರಿಗೆ, ನೋಂದಣಿ ಸೇರಿ ಬೆಲೆಯ ಸುಮಾರು 7–8% ಮೇಲೆ ಬೇಕು. ಶೌಚದ ಗುಂಡಿ ನಿಯಮದ ಪ್ರಕಾರ ಇಲ್ಲದಿದ್ದರೆ, ಕೊಂಡವರು 1 ವರ್ಷದೊಳಗೆ ಸರಿ ಮಾಡಿಸಬೇಕು. ಇದನ್ನು ಚೌಕಾಸಿಯಲ್ಲೇ ಎತ್ತಿ.

ಈಗ ಗೋಡೆ ಕೆಲಸ ನಡೆದಿದೆ. ಹಿಂದೆ ಯಾರೋ ಒಳಗೋಡೆಗೆ ಸಿಮೆಂಟ್ ಬಳಿದಿದ್ದರು. ತೇವ ಆರಲು ದಾರಿಯಿಲ್ಲದೆ ಬುಡದಲ್ಲಿ ಬಿಳಿ ಉಪ್ಪು ಹೊರಬಂದಿತ್ತು. ಉಳಿಯಲ್ಲಿ ಅದನ್ನೆಲ್ಲ ಕೆತ್ತಿ, ಸುಣ್ಣದ ಗಾರೆ ಹಾಕಿಸುತ್ತಿದ್ದೇವೆ. ಊರಿನ ಚರ್ಚು ಸಂರಕ್ಷಿತ ಸ್ಮಾರಕ, ನಮ್ಮ ಮನೆ ಅದರ 500 ಮೀಟರ್ ಒಳಗೆ. ಹಾಗಾಗಿ ಗೋಪುರದ ಮಾಡಿಗೂ ಕಿಟಕಿಗೂ ಸರ್ಕಾರದ ವಾಸ್ತುಶಿಲ್ಪಿಯ ಅಭಿಪ್ರಾಯ ಬರಬೇಕು. ಅರ್ಜಿ ಹಾಕಿದ್ದೇವೆ. ಕಿಟಕಿ ಮರದ್ದೇ ಇರಲಿ ಅಂತ ನಾವೇ ಬರೆದಿದ್ದೇವೆ.