ಗೋವಾ ಬಿಸಿಲಿಗೆ ತಂಪು ಕನ್ನಡಕ: ಮೊದಲು ಯುವಿ, ಆಮೇಲೆ ಕಪ್ಪು

ವಾಸ್ಕೋ, ಮಡಗಾಂವ್ ಕಡೆ ದಿನವಿಡೀ ಸ್ಕೂಟರ್ ಮೇಲಿರುವವರು, ಬೀಚಿನಲ್ಲಿ ವ್ಯಾಪಾರ ಮಾಡುವವರು ತಂಪು ಕನ್ನಡಕ ಕೊಳ್ಳುವಾಗ ಗಾಜು ಎಷ್ಟು ಕಪ್ಪಗಿದೆ ಎಂದಷ್ಟೇ ನೋಡುತ್ತಾರೆ. ಕಪ್ಪಿಗೂ ಯುವಿ ಕಿರಣ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಡೆಯುವುದಕ್ಕೂ ಸಂಬಂಧವಿಲ್ಲ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಗಾಜು ಯುವಿ ತಡೆಯದಿದ್ದರೆ ಆ ಕಿರಣ ಇನ್ನೂ ಹೆಚ್ಚು ಒಳಗೆ ಹೋಗುತ್ತದೆ. ‘ಯುವಿ400’ ಇರುವುದನ್ನೇ ಕೇಳಿ, ಅಂದರೆ 400 ನ್ಯಾನೋಮೀಟರ್‌ವರೆಗಿನ ಕಿರಣ ತಡೆಯುವಂಥದ್ದು. ಸ್ಟಿಕ್ಕರ್ ನಂಬಬೇಡಿ, ಕನ್ನಡಕದಂಗಡಿಯ ಯುವಿ ಮೀಟರಿನಲ್ಲಿ ಇಟ್ಟು ತೋರಿಸಲು ಹೇಳಿ. ಪವರ್ ಬೇಕಿದ್ದರೆ ಪಾಲಿಕಾರ್ಬನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಒಳ್ಳೆಯದು: ತಾನಾಗಿಯೇ ಯುವಿ ತಡೆಯುತ್ತದೆ, ಪೆಟ್ಟು ಬಿದ್ದರೂ ಸುಲಭವಾಗಿ ಒಡೆಯುವುದಿಲ್ಲ. ಆದರೆ ಬೇಗ ಗೀರು ಬೀಳುತ್ತದೆ, ಗಟ್ಟಿ ಕೋಟಿಂಗ್ ಇರಲೇಬೇಕು.

ಕಪ್ಪಿನ ಮಟ್ಟ ತಿಳಿಯಲು ಕಿವಿಗೆ ಸಿಗಿಸುವ ಕಡ್ಡಿಯ ಒಳಬದಿಯ ಅಂಕಿ ನೋಡಿ. 2 ಇದ್ದರೆ ಬೆಳಕಿನ ಶೇ. 18ರಿಂದ 43 ಒಳಗೆ ಬರುತ್ತದೆ, 3 ಇದ್ದರೆ ಶೇ. 8ರಿಂದ 18. ಕಡಲತೀರದ ಬಿಸಿಲಿಗೆ 3 ಸಾಕು. 4 ಹಾಕಿಕೊಂಡು ಗಾಡಿ ಓಡಿಸಲೇಬಾರದು. ಸಂಜೆಯಾದ ಮೇಲೆ 3 ಕೂಡ ತೆಗೆದಿಡಿ.

ಇನ್ನು ಪೋಲರೈಸ್ಡ್. ನೀರು, ಡಾಂಬರು, ಕಾರಿನ ಬಾನೆಟ್ ಮೇಲಿಂದ ಚಿಮ್ಮುವ ಅಡ್ಡ ಹೊಳಪನ್ನು ಇದು ತಡೆಯುತ್ತದೆ. ದೋಣಿಯವರಿಗೆ, ಮೀನು ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಸಲಿಯೇ ಎಂದು ನೋಡಲು ಗಾಜನ್ನು ಎಲ್‌ಸಿಡಿ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಇದೇ ಗುಣ ಸ್ಕೂಟರಿನವರಿಗೆ ತೊಡಕು: ಕೆಲವು ಡಿಜಿಟಲ್ ಮೀಟರ್ ಕಾಣಿಸುವುದಿಲ್ಲ, ಹೆಲ್ಮೆಟ್ಟಿನ ಗಾಜಿನ ಮೇಲೆ ಬಣ್ಣಬಣ್ಣದ ಪಟ್ಟೆ ಮೂಡುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲಿನ ನೀರಿನ ಹೊಳಪೇ ಜಾರುವ ಜಾಗದ ಸುಳಿವು, ಅದೂ ಮಂಕಾಗುತ್ತದೆ. ನಿಮ್ಮ ಮೀಟರಿನ ಮುಂದೆ ಹಾಕಿ ನೋಡಿಯೇ ದುಡ್ಡು ಕೊಡಿ.

ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ನಡೆದಾಡುವವರಿಗೆ ಸರಿ. ಕಾರಿನ ಮುಂಗಾಜು ಯುವಿ ತಡೆಯುವುದರಿಂದ ಕಾರಿನೊಳಗೆ ಅದು ಸರಿಯಾಗಿ ಕಪ್ಪಾಗುವುದಿಲ್ಲ, ಸೆಕೆ ಹೆಚ್ಚಿದ್ದರೂ ಕಡಿಮೆಯೇ ಕಪ್ಪಾಗುತ್ತದೆ. ಗಾಜಿನ ಬಣ್ಣ ಬೂದು ಇದ್ದರೆ ಸಿಗ್ನಲ್ಲಿನ ಬಣ್ಣ ಇದ್ದ ಹಾಗೇ ಕಾಣುತ್ತದೆ, ಕಂದು ಇದ್ದರೆ ಗುಂಡಿ, ಉಬ್ಬು ಎದ್ದು ಕಾಣುತ್ತವೆ. ಪಕ್ಕದಿಂದಲೂ ಬಿಸಿಲು ನುಗ್ಗುತ್ತದೆ, ಅಗಲ ಫ್ರೇಮ್ ಆರಿಸಿ. ಪವರ್ ಹೆಚ್ಚಿದ್ದರೆ ಮಾತ್ರ ತೀರಾ ಬಾಗಿದ ಫ್ರೇಮ್ ಬೇಡ, ಅಂಚಿನಲ್ಲಿ ನೋಟ ಸೊಟ್ಟಗಾಗುತ್ತದೆ.

ಉಪ್ಪಿನ ಹನಿ, ಮರಳು ಅಂಟಿದ ಗಾಜನ್ನು ಅಂಗಿಯಂಚಿನಿಂದ ಒರೆಸಬೇಡಿ. ಮೊದಲು ಸಿಹಿನೀರು ಹರಿಸಿ, ಒಂದು ಹನಿ ಸೋಪು ಹಾಕಿ ತೊಳೆದು, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ: ಕಾವಿಗೆ ಕೋಟಿಂಗ್ ಸಣ್ಣಗೆ ಬಿರುಕು ಬಿಟ್ಟರೆ ಗಾಜು ಬದಲಿಸದೆ ದಾರಿಯಿಲ್ಲ.