ಕಕ್ಕಡದ ಮಳೆಯಲ್ಲಿ ಎನ್95 ಒಣಗಿಸಿದ್ದು

2020ರ ಜುಲೈ, ಕೊರೋನಾ ಕಾಲ. ನಾನು ಮಡಿಕೇರಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಲಾ ಐದು ಎನ್95 ಮಾಸ್ಕ್ ಕೊಟ್ಟು, "ಮುಂದಿನ ಸ್ಟಾಕ್ ಬರೋವರೆಗೆ ಇಷ್ಟೇ ಸಿಸ್ಟರ್" ಅಂದರು.

ಐದು ಮಾಸ್ಕಿಗೆ ಐದು ಕಾಗದದ ಕವರ್. ದಿನಕ್ಕೊಂದು ಹಾಕೋದು, ಬಿಚ್ಚಿದ್ದನ್ನು ಹೆಸರು ಬರೆದ ಕವರಿಗೆ ಸೇರಿಸೋದು, ಆರನೇ ದಿನ ಮತ್ತೆ ಮೊದಲನೆಯದು. ಪ್ಲಾಸ್ಟಿಕ್ ಮೇಲೆ ಈ ವೈರಸ್ ಮೂರು ದಿನದವರೆಗೂ ಇರುತ್ತೆ ಅಂತ ಲ್ಯಾಬಿನಲ್ಲಿ ಕಂಡಿದ್ದರು, ಹಾಗಾಗಿ ಐದು ದಿನ ಸಾಕು ಅನ್ನೋ ಲೆಕ್ಕ. ಲೆಕ್ಕ ಹಾಕಿದವರು ನಮ್ಮ ಕಕ್ಕಡದ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ಮಳೆ ನೋಡಿರಲಿಲ್ಲ ಅಷ್ಟೆ! ಮೂರನೇ ದಿನ ಕವರ್ ಮುಟ್ಟಿದರೆ ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗೆ, ಒಳಗೆ ಮಾಸ್ಕೂ ತಣ್ಣಗೆ.

ಒಲೆ ಮೇಲೆ ಅಟ್ಟದಲ್ಲಿ ತೂಗು ಹಾಕೋಣ ಅಂದರು ನಮ್ಮ ಆಯಾ. ಹೊಗೆ ಕುಡಿದ ಮಾಸ್ಕಿನಲ್ಲಿ ಉಸಿರಾಡೋದು ಹೇಗೆ, ಬೇಡ ಅಂದೆ. ಕೊನೆಗೆ ಸ್ಟೋರಿನ ಹಳೇ ಬೀರುವಿನ ತಳದಲ್ಲಿ 100 ವ್ಯಾಟಿನ ಬಲ್ಬ್ ಕೂರಿಸಿ, ಅದರ ಮೇಲೆ ತಂತಿ ಬಲೆ ಮುಚ್ಚಿ, ಕವರುಗಳನ್ನು ಮೇಲೆ ದೂರದಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿದೆವು. ವೈರಸ್ ಸಾಯಿಸೋಕಲ್ಲ, ಆ ಬಿಸಿ ಅದಕ್ಕೆ ಸಾಲದು. ಬರೀ ತೇವ ಹೋಗಲಿ ಅಂತ. ಕರೆಂಟ್ ಹೋದರೆ (ಹೋಗದ ದಿನ ಯಾವುದು?) ಆ ಕವರಿಗೆ ಇನ್ನೆರಡು ದಿನ ಸೇರಿಸುತ್ತಿದ್ದೆವು. ಒಂದೊಂದು ಸಲ ಹಾಕಿದಾಗಲೂ ಕವರ್ ಮೇಲೆ ಒಂದು ಗೀಟು. ಐದು ಗೀಟಾದರೆ, ಅಥವಾ ಮಾಸ್ಕ್ ಒದ್ದೆಯಾದರೆ, ಪಟ್ಟಿ ಸಡಿಲವಾದರೆ, ಸೀದಾ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ.

ಹೊಸದಾಗಿ ಬಂದ ಬ್ರದರ್ (ಗಂಡು ನರ್ಸ್) ಒಬ್ಬ ಒಳ್ಳೇದಾಗಲಿ ಅಂತಲೇ ಮೂರು ಮಾಸ್ಕಿಗೆ ಸ್ಯಾನಿಟೈಸರ್ ಹೊಡೆದುಬಿಟ್ಟಿದ್ದ. ನೋಡೋಕೆ ಹೊಸದರ ಹಾಗೇ ಇದ್ದವು. ಆದರೆ ನಡುವಿನ ಪದರದಲ್ಲಿ ಸಣ್ಣ ಕಣ ಹಿಡಿಯೋದು ಸ್ಥಾಯೀ ವಿದ್ಯುತ್ತು, ಸ್ಪಿರಿಟ್ ತಗುಲಿದರೆ ಅದು ಹೋಗುತ್ತೆ. ಮೂರನ್ನೂ ಎಸೆದೆವು. ಹೊಟ್ಟೆ ಉರಿಯಿತು.

ಕನ್ನಡಕ, ಫೇಸ್ ಶೀಲ್ಡ್ ಸುಲಭ. ಮೊದಲು ಸೋಪ್ ನೀರು, ಆಮೇಲೆ 1% ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ) 10 ನಿಮಿಷ. ನಮ್ಮ ಕ್ಯಾನಿನಲ್ಲಿ ಇದ್ದಿದ್ದು 5%, ಅದಕ್ಕೇ ಒಂದು ಪಾಲಿಗೆ ನಾಲ್ಕು ಪಾಲು ನೀರು, ದಿನಾ ಹೊಸದಾಗಿ. ಆಮೇಲೆ ಚೆನ್ನಾಗಿ ತೊಳೀಬೇಕು. ಒಂದು ದಿನ ಅವಸರದಲ್ಲಿ ತೊಳೆಯದೇ ಹಾಕಿಕೊಂಡು ಇಡೀ ಡ್ಯೂಟಿ ಕಣ್ಣಲ್ಲಿ ನೀರು ಸುರಿಸಿದ್ದೇನೆ. ಶೂ ಕವರ್ ಮುಗಿದಾಗ ಮನೆಯಿಂದ ತೋಟದ ಗಂಬೂಟ್ ತಂದೆವು, ಅದಕ್ಕೂ ಇದೇ ಹೈಪೋ.

ಆ ಬೀರು ಈಗಲೂ ಇದೆ. ಮಳೆಗಾಲದಲ್ಲಿ ಎಲ್ಲರ ಸಾಕ್ಸ್ ಅದರಲ್ಲೇ.