ಹಕ್ಕಿ ನೋಡುವ ಮೊದಲು ಕೆರೆ ನೋಡಿ

ಬಯಲುಸೀಮೆಯಲ್ಲಿ ನೀರುಹಕ್ಕಿ ನೋಡಲು ದೂರದ ಪಕ್ಷಿಧಾಮಕ್ಕೇ ಹೋಗಬೇಕೆಂದೇನಿಲ್ಲ. ತುಮಕೂರಿನ ಅಮಾನಿಕೆರೆ, ಕುಣಿಗಲ್ ದೊಡ್ಡಕೆರೆ, ಕೋಲಾರಮ್ಮನ ಕೆರೆ, ಯಾವುದಾದರೂ ಸರಿ. ಆದರೆ ಬೈನಾಕ್ಯುಲರ್ ನೇತುಹಾಕಿಕೊಂಡು ಏರಿಯ ನಡುಮಧ್ಯ ಹೋಗಿ ನಿಂತವರಿಗೆ ಸಿಗುವುದು ಎದ್ದು ಹಾರಿಹೋಗುವ ಹಕ್ಕಿಗಳ ಬೆನ್ನು ಮಾತ್ರ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳ ಕಾಲ. ಹೊರಡುವ ಮುಂಚೆ ಕೆರೆಯ ಏರಿ ಯಾವ ದಿಕ್ಕಿಗಿದೆ ಎಂದು ಮೊಬೈಲ್ ನಕ್ಷೆಯಲ್ಲಿ ನೋಡಿಕೊಳ್ಳಿ. ಬೆಳಿಗ್ಗೆ ಪೂರ್ವದ ದಡದಲ್ಲಿ, ಸಂಜೆ ಪಶ್ಚಿಮದ ದಡದಲ್ಲಿ ಕುಳಿತರೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಬಿಸಿಲು ಎದುರಿಗಿದ್ದರೆ ಬಾತು, ನೀರುಕಾಗೆ ಎಲ್ಲವೂ ಕಪ್ಪು ಬೊಂಬೆಗಳೇ. ಹತ್ತು ಗಂಟೆ ಕಳೆದರೆ ನೀರಿನ ಮೇಲೆ ಬಿಸಿಗಾಳಿ ಕುಣಿಯುತ್ತದೆ, ಒಳ್ಳೆಯ ಬೈನಾಕ್ಯುಲರ್‌ನಲ್ಲೂ ಕೊಕ್ಕಿನ ಬಣ್ಣ ತಿಳಿಯುವುದಿಲ್ಲ.

ಬೈನಾಕ್ಯುಲರ್ 8×42 ಇದ್ದರೆ ಸಾಕು. 8 ಎಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆಂಬುದು, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹತ್ತು ಪಟ್ಟಿನದು ಬೇಕೆನ್ನುವವರು ಬಹಳ. ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ ಎನ್ನುವುದನ್ನು ಮರೆಯುತ್ತಾರೆ. ಕೊಂಡ ದಿನವೇ ಎರಡು ಕಣ್ಣಿಗೂ ಹೊಂದಿಸಿಕೊಳ್ಳಿ: ಬಲಗಡೆಯ ಗಾಜು ಮುಚ್ಚಿ, ಎಡಗಣ್ಣಿನಲ್ಲಿ ದೂರದ ಕಂಬವೊಂದನ್ನು ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯಿರುವ ಉಂಗುರವನ್ನಷ್ಟೇ ತಿರುಗಿಸಿ. ಇದನ್ನು ಮಾಡದೆ ತಲೆನೋವು ಬಂತೆಂದು ಬೈನಾಕ್ಯುಲರ್ ಬೀರುವಿಗೆ ಸೇರಿಸಿದವರಿದ್ದಾರೆ.

ಏರಿ ಮೇಲೆ ನಿಂತರೆ ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣುತ್ತದೆ. ಒಂದೆರಡು ಮಾರು ಕೆಳಗಿಳಿದು, ಕಲ್ಲುಕಟ್ಟಡದ ಮೇಲೋ ಪೊದೆಯ ಮಗ್ಗುಲಲ್ಲೋ ಕುಳಿತುಬಿಡಿ. ಬಿಳಿ ಅಂಗಿ ಬೇಡ. ಮೊದಲ ಹದಿನೈದು ನಿಮಿಷ ಬರಿಗಣ್ಣಿನಲ್ಲೇ ಕೆರೆ ನೋಡಿ. ಮೀನು ಹಿಡಿಯುವವರು ತೆಪ್ಪ ಇಳಿಸಿದ್ದರೆ ಹಕ್ಕಿಗಳು ಆಚೆ ದಡಕ್ಕೆ ಸರಿದಿರುತ್ತವೆ. ಬಲೆ ಎತ್ತಿದ ಮೇಲೆ ಮರಳುತ್ತವೆ.

ಯಾವ ಹಕ್ಕಿ ಎಲ್ಲಿ ಎನ್ನುವುದನ್ನು ನೀರಿನ ಆಳವೇ ಹೇಳುತ್ತದೆ. ತೂಬಿನ ಬಳಿ ಆಳ ಹೆಚ್ಚು, ಅಲ್ಲಿ ಮುಳುಗು ಹಾಕುವ ಗುಳುಮುಳುಕ, ನೀರುಕಾಗೆ, ಹಾವಕ್ಕಿ. ನೀರಿನ ಮೇಲೆ ಬರೀ ಕತ್ತು ಹಾವಿನಂತೆ ಕಂಡರೆ ಹಾವಕ್ಕಿ, ಕೊಕ್ಕು ಚೂರಿಯಂತೆ ನೇರ. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಕಪ್ಪು ಮೈ, ಹಣೆಗೆ ಬಿಳಿ ನಾಮ ಇದ್ದರೆ ನಾಮದ ಕೋಳಿ. ಏರಿಯ ಎದುರು ದಡ, ಅಂದರೆ ಕೆರೆಯಂಗಳದ ಕಡೆ, ನೀರು ಮೊಳಕಾಲಿಗೂ ಬರುವುದಿಲ್ಲ. ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಕೊಕ್ಕರೆಗಳ ಜಾಗ ಅದೇ. ಕೆರೆ ಕೋಡಿ ಬಿದ್ದ ವಾರ ಗೊರವ ಹುಡುಕಬೇಡಿ. ನೀರು ಇಳಿದು ಕೆಸರಿನ ಅಂಚು ತೆರೆದುಕೊಂಡಾಗ ಅವು ಬರುತ್ತವೆ. ಕೋಲಾರದಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ತುಂಬುತ್ತಿರುವ ಕೆರೆಗಳಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದೆ, ಅಂಥಲ್ಲಿ ಕೆಸರಂಚಿಗಾಗಿ ತುಸು ಅಲೆಯಬೇಕು.

ಅಲೆಯುವಾಗ ಚಪ್ಪಲಿ ಸಾಲದು, ದಪ್ಪ ಅಟ್ಟೆಯ ಬೂಟು ಬೇಕು. ಬಳ್ಳಾರಿ ಜಾಲಿ ಮುಳ್ಳು ರಬ್ಬರಿನೊಳಗೆ ಸಲೀಸಾಗಿ ತೂರುತ್ತದೆ. ನೀರಿಗಂತೂ ಇಳಿಯಲೇಬೇಡಿ. ಹೂಳು, ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಳಕಾಲುದ್ದ ಇದೆ ಎಂದುಕೊಂಡ ಕಡೆ ಮುಂದಿನ ಹೆಜ್ಜೆಗೆ ಆಳುದ್ದ ಇರಬಹುದು.

ಹಾರುವ ದೊಡ್ಡ ಹಕ್ಕಿ ಕಂಡರೆ ಮೊದಲು ಕತ್ತು ನೋಡಿ. ಮಡಚಿ ಹಾರಿದರೆ ಬಕ ಅಥವಾ ಬೆಳ್ಳಕ್ಕಿ, ಮುಂದಕ್ಕೆ ಚಾಚಿದ್ದರೆ ಕೊಕ್ಕರೆ. ಕೊಳದ ಬಕ ಹೊಸಬರಿಗೆ ಮೋಸ ಮಾಡುತ್ತದೆ: ಕುಳಿತಾಗ ಮಣ್ಣಿನ ಹೆಂಟೆ, ಎದ್ದ ಕ್ಷಣ ಬೆಳ್ಳನೆ ರೆಕ್ಕೆ.

ಬಣ್ಣದ ಕೊಕ್ಕರೆಯ ಗೂಡು ನೋಡಬೇಕೆಂದರೆ ಶಿರಾ ತಾಲ್ಲೂಕಿನ ಕಗ್ಗಲಡು. ಅಲ್ಲಿ ಅವು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ. ಮರದಡಿ ಹೋಗಿ ಚಪ್ಪಾಳೆ ತಟ್ಟುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ತಾಯಿ ಎದ್ದರೆ ಕಾಗೆಗೆ ಮೊಟ್ಟೆ ಸಿಗುತ್ತದೆ. ರೆಕ್ಕೆಯ ನೆರಳು ತಪ್ಪಿದ ಮರಿ ಬಿಸಿಲಿಗೆ ಬಾಡುತ್ತದೆ.

ಗುಂಪು ಎಣಿಸುವಾಗ ಒಂದೊಂದನ್ನೇ ಎಣಿಸಲು ಹೋಗಬೇಡಿ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿದಿವೆ ಎಂದು ಗುರುತಿಸಿಕೊಂಡು, ಅಂಥ ತುಂಡು ಎಷ್ಟಿವೆ ಎಂದು ಲೆಕ್ಕ ಹಾಕಿ. ಎರಡು ಸಲ ಎಣಿಸಿ. ದಿನಾಂಕ, ಹೊತ್ತು, ಕೆರೆಯ ಹೆಸರು, ಸಂಖ್ಯೆಯನ್ನು ಅಲ್ಲೇ ಬರೆದು, ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಆ್ಯಪ್‌ಗೆ ಹಾಕಿ. ಗುರುತು ಸಿಗದ ಹಕ್ಕಿಗೆ ಹೆಸರು ಊಹಿಸಬೇಡಿ. ಕೊಕ್ಕು, ಕಾಲಿನ ಬಣ್ಣ ಬರೆದುಕೊಂಡು ‘ಗೊರವ, ಯಾವುದೋ’ ಎಂದರೂ ನಡೆಯುತ್ತದೆ.